ಮನೆಯಲ್ಲಿ ಮಾಡಿದ್ದಕ್ಕೆ ಮಾರ್ಕು ಹಾಕುವ ದೇಶ

ಸ್ಕಿಪೋಲ್

"ಅಕ್ಕ, ಬರ್ತಾ ಸ್ವಲ್ಪ ಮೊಳಕೆ ರಾಗಿ ತೊಗೊಂಡ್ ಬಾ. ಹಿಟ್ಟು ಮಾಡಿಸ್ಬೇಡ, ಮೊಳಕೆ ಬರ್ಸಿ, ಒಣಗ್ಸಿ, ಹಾಗೇ ತಾ" ಎಂದು ನನ್ನ ತಮ್ಮ ಗುರುರಾಜ ಹಾಲೆಂಡಿನಿಂದ ಫೋನಿನಲ್ಲಿ ಹೇಳಿದಾಗ ನನಗೆ ಎದೆ ತುಂಬಿ ಬಂದಿತ್ತು. ಕಂಪ್ಯೂಟರ್ ಕೆಲಸಕ್ಕೆಂದು ಹೋಗಿ ಅಲ್ಲೇ ಸಂಸಾರ ಹೂಡಿದವನು ಮಗಳು ಅದಿತಿಗೆ ನಮ್ಮ ರಾಗಿ ಗಂಜಿಯನ್ನೇ ಕುಡಿಸುತ್ತಿದ್ದಾನಲ್ಲ! ಈಗಿನ ಕಾಲದಲ್ಲಿ ಎಷ್ಟು ಜನ ಅಪ್ಪಂದಿರಿಗೆ ಈ ಬುದ್ಧಿ ಇದೆ ಎಂದು ಮೈಸೂರಿನ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ರಾಗಿ ನೆನೆಹಾಕಿದೆ. ಬಿಳಿ ಪಂಚೆಯಲ್ಲಿ ಕಟ್ಟಿ ಮೊಳಕೆ ಬರಿಸಿದೆ. ಮಹಡಿಯ ಮೇಲೆ ಹರವಿ, ಗುಬ್ಬಚ್ಚಿಗಳನ್ನು ಓಡಿಸುತ್ತ, ಕೊಡೆ ಹಿಡಿದು ಕೂತೆ. ವಿಮಾನ ಹತ್ತಿದ ಮೇಲೆ ಹೊಸ ಚಿಂತೆ ಶುರುವಾಯಿತು. ಬೇರೆ ದೇಶಕ್ಕೆ ಕಾಳು ಒಯ್ಯಬಹುದೋ, ಬಾರದೋ? ಒಯ್ದರೆ ಜೈಲೋ, ಬರೀ ಜುಲ್ಮಾನೆಯೋ? ಜೈಲಾದರೆ ಅಲ್ಲಿ ಸಸ್ಯಾಹಾರ ಕೊಡುತ್ತಾರೋ? ಪಕ್ಕದ ಸೀಟಿನ ಹುಡುಗ ಕಂಬಳಿ ಹೊದ್ದು ನಿದ್ದೆ ಹೋದ. ನಾನು ರಾತ್ರಿಯಿಡೀ ಮನಸ್ಸಿನಲ್ಲೇ ಡಚ್ ನ್ಯಾಯಾಧೀಶರ ಮುಂದೆ ಕಟಕಟೆಯಲ್ಲಿ ನಿಂತಿದ್ದೆ.

ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ತಡೆಯಲಾರದೆ, ಯಾರೂ ಕರೆಯದಿದ್ದರೂ ನಾನೇ ಕಸ್ಟಮ್ಸಿನವನ ಬಳಿ ಹೋಗಿ ಚೀಲ ಬಿಚ್ಚಿ ತೋರಿಸಿದೆ. ಆತ ಬಗ್ಗಿ ಮೂಸಿ ನೋಡಿ ಏನಿದು ಎಂದ.

"ಫಾರ್ ಚೈಲ್ಡ್," ಎಂದೆ. "ವೆರಿ ನ್ಯೂಟ್ರಿಷಸ್."

ಆತ ನಕ್ಕು ಕೈ ಬೀಸಿ ಹೋಗಲು ಹೇಳಿದ. ಹೊರಗೆ ನಿಂತಿದ್ದ ಗುರು ನನ್ನನ್ನು ತಬ್ಬಿಕೊಳ್ಳುವ ಮೊದಲು ಚೀಲವನ್ನು ಇಸಿದುಕೊಂಡು ತೂಗಿ ನೋಡಿದ.

"ಸೂಪರ್ ಅಕ್ಕ! ಅದಿತಿಗಲ್ಲ ಇದು. ಬಿಯರ್‌ಗೆ."

ಪಕ್ಕದಲ್ಲಿದ್ದ ಅವನ ಹೆಂಡತಿ ಶೈಲಾ ತಟ್ಟನೆ ಕಾರು ನಿಲ್ಲಿಸಿದ ಜಾಗ ಯಾವುದೆಂದು ಹುಡುಕತೊಡಗಿದಳು. ಅಲ್ಲಿಗೆ, ನಾನು ಆ ದೇಶದ ನೆಲದ ಮೇಲೆ ಕಾಲಿಟ್ಟು ಮೊದಲು ಆಡಿದ ಮಾತೇ ಸುಳ್ಳಾಯಿತು. ಅದೂ ಸರ್ಕಾರಿ ನೌಕರನಿಗೆ.

ಆಮರ್ಸ್‌ಫೋರ್ಟ್

ಗುರುವಿನ ಮನೆಯ ಮೆಟ್ಟಿಲು ಎಷ್ಟು ಕಡಿದಾಗಿದೆಯೆಂದರೆ ಅದನ್ನು ಏಣಿ ಎಂದರೆ ಏಣಿಗೆ ಬೇಜಾರಾದೀತು. ಆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ದೊಡ್ಡದೊಂದು ಬಿಳಿ ಬಕೆಟ್ಟಿತ್ತು. ಅದಕ್ಕೆ ಹೊದಿಸಿದ್ದ ಶಾಲು, ಶೈಲಾಳ ಬಾಣಂತನಕ್ಕೆಂದು ನಾನು ಕಳಿಸಿದ್ದು. ಬಕೆಟ್ಟಿನ ಮುಚ್ಚಳದ ಮೇಲಿನ ಗಾಜಿನ ಕೊಳವೆಯಿಂದ ಬುಳಕ್, ಬುಳಕ್ ಎಂದು ಗುಳ್ಳೆ ಏಳುತ್ತಿತ್ತು.

"ದೋಸೆ ಹಿಟ್ಟಾ ಇಷ್ಟೊಂದು?" ಎಂದೆ.

"ಇಲ್ಲ ಅತ್ತಿಗೆ, ನಮ್ಮನೆ ಎರಡನೇ ಮಗು," ಎಂದಳು ಶೈಲಾ. "ಜ್ವರ ನೋಡೋ ಹಾಗೆ ದಿನಾ ಥರ್ಮಾಮೀಟರ್ ಹಾಕಿ ನೋಡ್ತಾರೆ. ಮೊದಲನೇದಕ್ಕೆ ಇಷ್ಟು ನೋಡ್ಲಿಲ್ಲ."

ನಾನು ಗುರುವಿಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಮೈಸೂರಿನ ಹುಡುಗಿಯರ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಕಲಿಸುತ್ತೇನೆ. ಪ್ರತಿ ಬೇಸಿಗೆಯಲ್ಲೂ ಎಸ್ಸೆಸ್ಸೆಲ್ಸಿ ವ್ಯಾಲ್ಯುಯೇಷನ್ನಿಗೆ ಕೂರುತ್ತೇನೆ. ಈ ಸಲವೂ ಬೆರಳಿನ ಕೆಂಪು ಶಾಯಿ ಆರುವ ಮುಂಚೆ ವಿಮಾನ ಹತ್ತಿದ್ದೆ. ನಮ್ಮ ಮನೆಯಲ್ಲಿ ಕೆಮ್ಮಿಗೆ ಕೊಡುವ ಟಾನಿಕ್ಕಿನ ಶೀಸೆಯ ಮೇಲೂ ಆಲ್ಕೋಹಾಲ್ ಎಷ್ಟಿದೆ ಎಂದು ಅಪ್ಪ ಭೂತಗನ್ನಡಿ ಹಿಡಿದು ಓದುತ್ತಿದ್ದರು. ಆ ಮನೆಯ ಮಗ, ಹಗಲೆಲ್ಲ ಎರಡು ಸಾವಿರದ ಇಸವಿ ಬಂದಾಗ ಕಂಪ್ಯೂಟರುಗಳ ತಲೆ ಕೆಡದಂತೆ ನೋಡಿಕೊಳ್ಳುವ ಕೆಲಸ ಮಾಡಿ, ಸಂಜೆ ಮನೆಗೆ ಬಂದು ಬಾರ್ಲಿ ಬೇಯಿಸುತ್ತಾನೆ!

ಸಿಟ್ಟಿಗೆ ಬೇರೆ ಕಾರಣಗಳೂ ಒದಗಿ ಬಂದವು. ಕೆಂಪು ಇಟ್ಟಿಗೆಯ ಹಾದಿ ಚಂದ ಕಂಡಿತೆಂದು ಅದರ ಮೇಲೆ ನಡೆದರೆ, ಸೈಕಲ್ಲಿನಲ್ಲಿ ಬಂದ ಅಜ್ಜಿಯೊಬ್ಬಳು ಗಂಟೆ ಬಾರಿಸಿ ಬೈದು ಹೋದಳು. ಅಜ್ಜಿ! ಕಚ್ಚೆ ಕಟ್ಟಿದ ಪೈಲ್ವಾನನ ಹಾಗೆ ತುಳಿಯುತ್ತಿದ್ದಳು. ಬಂಧುಬಳಗದ ಹುಟ್ಟುಹಬ್ಬಗಳನ್ನು ಬರೆದ ಕ್ಯಾಲೆಂಡರನ್ನು ಇವರು ನೇತುಹಾಕುವುದು ಎಲ್ಲಿ ಗೊತ್ತೇ? ಕಕ್ಕಸಿನಲ್ಲಿ. ಗುರುವಿನ ಮನೆಯಲ್ಲೂ ಹಾಗೇ ಆಗಿತ್ತು. ಜೂನ್ ತಿಂಗಳ ಹಾಳೆಯಲ್ಲಿ ಅಮ್ಮನ ಹೆಸರು! ನಾನು ಅದನ್ನು ತಂದು ದೇವರ ಗೂಡಿನ ಪಕ್ಕ ಹಾಕಿದೆ. ಮರುದಿನ ಅದು ಸ್ವಸ್ಥಾನಕ್ಕೆ ಮರಳಿತ್ತು. "ಅತ್ತೆ, ಇಟ್ ಲಿವ್ಸ್ ದೇರ್," ಎಂದಳು ಏಳು ವರ್ಷದ ಅದಿತಿ.

ಆಮೇಲೆ ಗುರು ಅಸಲು ವಿಷಯಕ್ಕೆ ಬಂದ. ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳದೊಂದು ಸಂಘ. ಬಡಗಿ, ದಾದಿ, ಬ್ಯಾಂಕಿನವನು, ಎಲ್ಲರೂ ಇದ್ದಾರೆ. ಇವನು ಅಲ್ಲಿ ಅತಿಥಿ ಸದಸ್ಯ, ಅಂದರೆ ಕಾಫಿ ಕುಡಿಯಬಹುದು, ಕೈ ಎತ್ತುವಂತಿಲ್ಲ. ಹೋದ ವರ್ಷದ ಸ್ಪರ್ಧೆಯಲ್ಲಿ ಬಾಟಲಿಗಳ ನಂಬರು ಅದಲುಬದಲಾಗಿ ಗೊಂದಲವಾದಾಗ ಇವನು ಎದ್ದು ನಿಂತು, ಇದೇನು ವ್ಯವಸ್ಥೆ ಎಂದನಂತೆ. "ಹಾಗಾದ್ರೆ ಮುಂದಿನ ವರ್ಷ ನೀನೇ ಮಾಡು" ಎಂದರಂತೆ.

"ಸ್ಪರ್ಧೆ ಮುಗಿದ್ಮೇಲೆ ಆರ್ಗನೈಜರ್‌ಗೂ ಮಾರ್ಕ್ಸ್ ಕೊಡ್ತಾರಕ್ಕ. ಹತ್ತಕ್ಕೆ ಆರು ಬಂದ್ರೆ ನಾನು ಪೂರ್ತಿ ಮೆಂಬರ್. ಬರ್ಲಿಲ್ಲ ಅಂದ್ರೆ ಅತಿಥಿಯಾಗೇ ಕೂತಿರ್ಬೇಕು."

"ಬರೀ ಆರಾ? ನೀನು ಲೆಕ್ಕದಲ್ಲಿ ಯಾವತ್ತೂ ತೊಂಬತ್ತರ ಕೆಳಗೆ ಇಳಿದವನಲ್ಲ."

"ಇಲ್ಲಿ ಆರು ಸಿಗೋದೇ ಕಷ್ಟ ಅಕ್ಕ. ಅದಕ್ಕೇ ನಿನ್ನ ಹೆಲ್ಪ್ ಬೇಕು. ಬಾಟಲಿ ನೋಡಿದ್ರೆ ತೀರ್ಪುಗಾರರಿಗೆ ಯಾರದು ಅಂತ ಗೊತ್ತಾಗ್ಬಿಡತ್ತೆ. ಅಡುಗೆಮನೆಯಲ್ಲಿ ಒಬ್ರು ಕೂತು, ಜಗ್ಗಿಗೆ ಬಗ್ಗಿಸಿ ಕಳಿಸ್ಬೇಕು. ಬಿಯರ್ ಕುಡೀದೆ ಇರೋರು, ಯಾರ ಪರಿಚಯವೂ ಇಲ್ದೋರು ಬೇಕು. ನಿನ್ನಷ್ಟು ಏನೂ ಗೊತ್ತಿಲ್ದೋರು ಈ ದೇಶದಲ್ಲೇ ಸಿಗಲ್ಲ."

ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿಗೆ ಸಿಕ್ಕ ಪ್ರಶಸ್ತಿ ಇದು. ಆದರೆ ಅವನ ಮುಖ ನೋಡಿದೆ. ಪಿಯುಸಿ ರಿಸಲ್ಟಿನ ಹಿಂದಿನ ದಿನ ಇದ್ದ ಮುಖವೇ. ಒಪ್ಪಿಕೊಂಡೆ.

ಆಲ್ಮೆರೆ

ಸ್ಪರ್ಧೆಗೆ ಬೇಕಾದ ಗಾಜಿನ ಲೋಟಗಳನ್ನು ತರಲು ಮುಖ್ಯ ತೀರ್ಪುಗಾರ್ತಿಯ ಮನೆಗೆ ಹೋದೆವು. ಹೆಸರು ತ್ರೂಸ್. ಅರವತ್ತರ ಆಸುಪಾಸು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ನಮ್ಮ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಸಮುದ್ರವನ್ನು ಹಿಂದೆ ತಳ್ಳಿ ಕಟ್ಟಿದ ಊರಂತೆ ಆಲ್ಮೆರೆ. ತ್ರೂಸ್ ಅವರನ್ನು ನೋಡಿದರೆ, ತಳ್ಳಿದವರಲ್ಲಿ ಇವರೂ ಒಬ್ಬರಿರಬೇಕು ಅನ್ನಿಸಿತು.

ಗುರು ನನ್ನನ್ನು "ಅಕ್ಕ" ಎಂದು ಕರೆಯುವುದನ್ನು ಕೇಳಿ ಅದೇ ನನ್ನ ಹೆಸರು ಎಂದುಕೊಂಡರು. ಅವರ ದೇಶದ ಉತ್ತರದಲ್ಲಿ ಅಕ್ಕೆ ಎನ್ನುವ ಹೆಸರು ಇದೆಯಂತೆ. "ನಿಮ್ಮ ಹಿರಿಯರು ಆ ಕಡೆಯವರೇ?" ಎಂದು ಕೇಳಿದರು. ನಂಜನಗೂಡಿನ ಕಡೆಯವರು ಎಂದೆ. ಅಂದಿನಿಂದ ನಾನು ಇಡೀ ಸಂಘಕ್ಕೆ ಅಕ್ಕನಾದೆ. ಎಪ್ಪತ್ತು ವರ್ಷದವರಿಗೂ ಅಕ್ಕ.

ಕಾಫಿ ಬಂತು. ಬಿಸ್ಕತ್ತಿನ ಡಬ್ಬಿ ಬಂತು. ತ್ರೂಸ್ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು, ಒಂದು ತೆಗೆದುಕೊಂಡೆ. ಟಪ್ಪೆಂದು ಮುಚ್ಚಳ ಬಿತ್ತು, ಡಬ್ಬಿ ಬೀರುವಿಗೆ ಹೋಯಿತು. ನಮ್ಮಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತು ತಂದವನಿಗೂ ಇನ್ನೊಂದು ತಗೊಳ್ಳಪ್ಪ ಎನ್ನುತ್ತೇವೆ.

ಅದಾದರೂ ಸರಿ. ಗುರು ತನ್ನ ರಾಗಿ ಬಿಯರಿನ ಒಂದು ಬಾಟಲಿ ತಂದಿದ್ದ. ಹಿಂದೆ ಯಾರೋ ತಂದುಕೊಟ್ಟಿದ್ದ ರಾಗಿಯಲ್ಲಿ ಮಾಡಿದ್ದು. ಆಯೋಜಕನಾದ್ದರಿಂದ ಸ್ಪರ್ಧೆಗೆ ಇಡುವಂತಿರಲಿಲ್ಲ, ಸುಮ್ಮನೆ ಅಭಿಪ್ರಾಯ ಕೇಳಲು ತಂದದ್ದು. ತ್ರೂಸ್ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು, ಮೂಗು ಇಳಿಸಿದರು, ಒಂದು ಗುಟುಕು ಕುಡಿದು ಬಹಳ ಹೊತ್ತು ಗೋಡೆ ನೋಡಿದರು.

"ಒದ್ದೆ ನೆಲಮಾಳಿಗೆ. ಅದರಲ್ಲಿ ಯಾರೋ ಬೂಟು ಮರೆತು ಹೋಗಿದ್ದಾರೆ," ಎಂದರು.

ನನ್ನ ಮೈ ಉರಿದು ಹೋಯಿತು. ಮನೆಯಲ್ಲಿ ಕೈಯಾರೆ ಮಾಡಿ ತಂದದ್ದನ್ನು ಎದುರಿಗೇ ಹೀಗೆ ಹೇಳುವುದೇ? ನಮ್ಮ ಕಡೆ, ಉಪ್ಪಿಲ್ಲದ ಸಾರನ್ನೂ ಹದವಾಗಿದೆ ಎಂದು ಎರಡನೇ ಸಲ ಬಡಿಸಿಕೊಳ್ಳುತ್ತೇವೆ. ಬೈಯುವುದಿದ್ದರೆ ಮನೆಗೆ ಹೋಗುವ ದಾರಿಯಲ್ಲಿ ಬೈಯುತ್ತೇವೆ. ಗುರುವಾದರೋ ತಲೆಯಾಡಿಸುತ್ತ, "ಬೂಟು ಎಡಗಡೆದೋ ಬಲಗಡೆದೋ?" ಎಂದು ಕೇಳಿದ. ಇಬ್ಬರೂ ಗಹಗಹಿಸಿ ನಕ್ಕರು. ನನ್ನ ಒಂದೇ ಒಂದು ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡಿತು.

ಡೀಮೆನ್, ಬೆಳಿಗ್ಗೆ

ಸ್ಪರ್ಧೆ ನಡೆದದ್ದು ಡೀಮೆನ್ನಿನ ಅಪಾರ್ಟ್‌ಮೆಂಟುಗಳ ನಡುವಿನ ಸಮುದಾಯ ಭವನದಲ್ಲಿ. ಗುರು ಬಾಟಲಿಗಳ ಪೆಟ್ಟಿಗೆಗಳನ್ನು ಎರಡು ದಿನ ಮೊದಲೇ ತಂದು ಅಡುಗೆಮನೆಯಲ್ಲಿ ನೆಟ್ಟಗೆ ನಿಲ್ಲಿಸಿದ್ದ. ಯಾರೂ ಅಲುಗಿಸಬಾರದು ಎಂದು ಡಚ್ಚಿನಲ್ಲಿ ಬರೆದು ಅಂಟಿಸಿದ್ದ. ಒಡೆದೀತೆಂಬ ಭಯಕ್ಕೆ ಹಾಗೆ ಮಾಡಿದ್ದಾನೆ, ನನ್ನದೇ ರಕ್ತವಲ್ಲವೇ ಎಂದುಕೊಂಡೆ.

ಪ್ರತಿಯೊಬ್ಬ ಸ್ಪರ್ಧಿಯೂ ಮೂರು ಬಾಟಲಿ ಕೊಟ್ಟಿದ್ದ: ಮೊದಲ ಸುತ್ತಿಗೊಂದು, ಕೊನೆಯ ಸುತ್ತಿಗೊಂದು, ಆಪತ್ತಿಗೊಂದು. ಮೊದಲು ಬರುವುದು ತಿಳಿ ಬಣ್ಣದ ಬಿಯರುಗಳ ಮೇಜು, ಒಟ್ಟು ಎಂಟು. ಬಣ್ಣ, ವಾಸನೆ, ರುಚಿ, ನುಂಗಿದ ಮೇಲೆ ಉಳಿಯುವ ರುಚಿ, ಹೀಗೆ ಒಂದೊಂದಕ್ಕೂ ಮಾರ್ಕು. ಗುರು ನನಗೆ ನೂರು ಸೂಚನೆ ಕೊಟ್ಟ. ಲೋಟ ಸೋಪಿನಲ್ಲಿ ತೊಳೆಯಬೇಡ. ನಂಬರು ತಪ್ಪಿಸಬೇಡ. ತೀರ್ಪುಗಾರರ ಮುಖ ನೋಡಿ ನಗಬೇಡ. "ನಿಧಾನಕ್ಕೆ ಬಗ್ಗಿಸು, ಅಷ್ಟೇ" ಎಂದು ಓಡಿದ.

ಶೈಲಾಳ ಹಳದಿ ರಬ್ಬರ್ ಕೈಗವಸು ಹಾಕಿಕೊಂಡು, ಸೆರಗು ಸಿಕ್ಕಿಸಿ, ಮೂಗಿಗೆ ಕರವಸ್ತ್ರ ಕಟ್ಟಿ ನಿಂತೆ. ಮೊದಲ ಬಾಟಲಿಯನ್ನು ನಿಧಾನವಾಗಿ ಜಗ್ಗಿಗೆ ಬಗ್ಗಿಸಿದೆ. ಮೇಲಿನದೆಲ್ಲ ಬಂಗಾರದ ಬಣ್ಣದ ತಿಳಿ. ತಳದಲ್ಲಿ ಬೆಳ್ಳಗೆ, ಮಂದವಾಗಿ ಒಂದು ಬೆರಳಿನಷ್ಟು ಗಸಿ ಉಳಿಯಿತು.

ಈಗ ನೀವೇ ಹೇಳಿ. ಸಾರು ಬಡಿಸುವಾಗ ಸೌಟನ್ನು ತಳಕ್ಕೆ ಹಾಕಿ ಕದಡಿ ಬಡಿಸುತ್ತೀರೋ, ಮೇಲಿನ ತಿಳಿಯನ್ನಷ್ಟೇ ಎತ್ತಿ ಹಾಕುತ್ತೀರೋ? ಬರೀ ತಿಳಿ ಬಡಿಸುವುದು ಯಾರಿಗೆ? ಹೇಳದೆ ಬಂದು, ಏಳದೆ ಕೂತ ನೆಂಟರಿಗೆ. ಸತ್ವವೆಲ್ಲ ಇರುವುದೇ ತಳದಲ್ಲಿ. ಯಾರೋ ಪಾಪ ತಿಂಗಳುಗಟ್ಟಲೆ ಕಾದು, ಶಾಲು ಹೊದಿಸಿ, ಥರ್ಮಾಮೀಟರ್ ಹಾಕಿ ಮಾಡಿದ ಪದಾರ್ಥ. ಅದರ ಸಾರಸರ್ವಸ್ವವನ್ನು ನಾನು ಬಚ್ಚಲಿಗೆ ಚೆಲ್ಲುವುದೇ? ಜಗ್ಗಿನಿಂದ ಒಂದಿಷ್ಟನ್ನು ಬಾಟಲಿಗೆ ವಾಪಸು ಹಾಕಿದೆ. ಚೆನ್ನಾಗಿ ಕುಲುಕಿದೆ. ಒಂದು ಹನಿ ಬಿಡದೆ ಸುರಿದೆ. ಎಲ್ಲ ಲೋಟಕ್ಕೂ ಸಮನಾಗಿ ಹೋಗಲೆಂದು ಮರದ ಚಮಚದಿಂದ ಕದಡಿದೆ. ನೊರೆ ಉಕ್ಕಿತು. ನೊರೆ ಇಳಿಯುವ ತನಕ ಕದಡಿದೆ.

ಎಂಟಕ್ಕೂ ಹೀಗೇ ಮಾಡಿದೆ. ಪಂಕ್ತಿಭೇದ ಮಾಡಲಿಲ್ಲ. ಪರೀಕ್ಷಕಿಯ ನಿಷ್ಪಕ್ಷಪಾತ ಎಂದರೆ ಇದು ಎಂದು ಒಳಗೊಳಗೇ ಬೀಗಿದೆ ಕೂಡ.

ಡೀಮೆನ್, ಮಧ್ಯಾಹ್ನ

ಅಡುಗೆಮನೆಯ ಬಾಗಿಲು ತೆರೆಯಿತು. ತ್ರೂಸ್ ಒಂದು ಲೋಟ ಹಿಡಿದು ನಿಂತಿದ್ದರು. ಹಿಂದೆ ಗುರು, ಮುಖದಲ್ಲಿ ರಕ್ತವಿಲ್ಲ.

"ಎಂಟಕ್ಕೆ ಎಂಟೂ ಕಾಲುವೆ ನೀರು. ಹೀಗಾಗಲು ಸಾಧ್ಯವಿಲ್ಲ. ನಿಮಗೆ ಬಗ್ಗಿಸಲು ಕಲಿಸಿದವರು ಯಾರು?"

"ನಮ್ಮಮ್ಮ," ಎಂದೆ.

ಗುರು ಖಾಲಿ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ತಳ ನೋಡಿದ. ತೊಳೆದಿಟ್ಟ ಹಾಗಿದ್ದವು.

"ಅಕ್ಕಾ... ಗಸಿನೂ ಹಾಕ್ಬಿಟ್ಯಾ? ಅದು ಯೀಸ್ಟು ಅಕ್ಕ! ಅದನ್ನ ತಳದಲ್ಲೇ ಬಿಡ್ಬೇಕು!"

"ಮತ್ತೆ ಹೇಳ್ಬೇಕಿತ್ತು ತಾನೆ?"

"ಎಲ್ಲರಿಗೂ ಗೊತ್ತಿರತ್ತಲ್ಲಾ ಅದು!"

"ಏನೂ ಗೊತ್ತಿಲ್ದೋಳು ಅಂತಲೇ ಅಲ್ವೇನೋ ನನ್ನ ಕರ್ಕೊಂಡ್ ಬಂದಿದ್ದು?"

ಹೊರಗೆ ಗುಸುಗುಸು ಶುರುವಾಗಿತ್ತು. ಬೋ ಟೈ ಕಟ್ಟಿದ ಒಬ್ಬಾತ ದೊಡ್ಡ ದನಿಯಲ್ಲಿ ಏನೋ ಅಂದ, ಕೆಲವರು ನಕ್ಕರು. ಏನಂತೆ ಎಂದು ಗುರುವನ್ನು ಕೇಳಿದೆ. "ಹೋದ ವರ್ಷ ನಂಬರು, ಈ ವರ್ಷ ಕೆಸರು ಅಂತೆ," ಎಂದ, ನೆಲ ನೋಡುತ್ತ.

ನಮ್ಮಲ್ಲಾದರೆ ಹೆಡ್ ಎಕ್ಸಾಮಿನರ್ ಒಂದು ತೀರ್ಮಾನ ಹೇಳಿ ಕೆಲಸ ಮುಂದುವರಿಸುತ್ತಿದ್ದರು. ಇಲ್ಲಿ ಎಲ್ಲರೂ ಕುರ್ಚಿಗಳನ್ನು ವೃತ್ತವಾಗಿ ಎಳೆದು ಸಭೆ ಸೇರಿದರು. ಪ್ರತಿಯೊಬ್ಬರೂ ಮಾತಾಡಲೇಬೇಕು. ಹೇಳಲು ಏನೂ ಇಲ್ಲದವರು, ತಮಗೆ ಹೇಳಲು ಏನೂ ಇಲ್ಲವೆಂದು ದೀರ್ಘವಾಗಿ ಹೇಳಿದರು. ನಡುವೆ ಕಾಫಿ ಬಂತು, ಒಂದೊಂದು ಬಿಸ್ಕತ್ತು ಬಂತು. ಸರದಿ ನನಗೂ ಬಂತು.

ಎದ್ದು ನಿಂತೆ. ಮೂಗಿನ ಕರವಸ್ತ್ರ ಬಿಚ್ಚಿದೆ. ನಮ್ಮ ರಾಜ್ಯದಲ್ಲಿ ಪ್ರಶ್ನೆಪತ್ರಿಕೆಯೇ ತಪ್ಪಾಗಿದ್ದರೆ ಮಕ್ಕಳಿಗೆ ಅನ್ಯಾಯವಾಗದಂತೆ ಎಲ್ಲರಿಗೂ ಗ್ರೇಸ್ ಮಾರ್ಕ್ಸ್ ಕೊಡುತ್ತೇವೆ, ನೀವೂ ಎಂಟು ಜನಕ್ಕೂ ಹಾಗೇ ಕೊಡಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ.

"ಯಾವುದಕ್ಕೆ ಮಾರ್ಕು?" ಎಂದರು ತ್ರೂಸ್. ನಿಜಕ್ಕೂ ತಿಳಿಯದೆ ಕೇಳಿದ್ದು.

"ಕಷ್ಟಪಟ್ಟಿದ್ದಕ್ಕೆ."

"ಕಷ್ಟ ಲೋಟದಲ್ಲಿ ಕಾಣುವುದಿಲ್ಲವಲ್ಲ."

ಆಗ ಹಿಂದಿನಿಂದ ಒಬ್ಬ ಮುದುಕ ಎದ್ದ. ಹೆಂಕ್, ಟ್ರಾಮ್ ಓಡಿಸಿ ನಿವೃತ್ತನಾದವನು, ಇದೇ ಡೀಮೆನ್ನಿನವನು. ತನಗೆ ಮೊದಲ ಸುತ್ತಿನ ಮಾರ್ಕೇ ಇರಲಿ, ಮತ್ತೆ ರುಚಿ ನೋಡುವುದು ಬೇಡ ಎಂದ. ಕಾರಣ ಕೇಳಿದಾಗ ಕಿವಿಯವರೆಗೆ ಕೆಂಪಾದ. ಸಂಘ ಶುರುವಾದಾಗಿನಿಂದ ಪ್ರತಿ ವರ್ಷ ಅವನ ಬಿಯರಿಗೆ ಒಂದೇ ಷರಾ: "ನೀರು ನೀರು". ಈ ಸಲ ಅವನ ನಂಬರಿನ ಎದುರು ತ್ರೂಸ್ ಸ್ವಹಸ್ತದಿಂದ ಬರೆದಿದ್ದಾರೆ: "ಒಳ್ಳೆಯ ಗಟ್ಟಿತನವಿದೆ!" ಆ ಎಂಟು ಕಾಲುವೆಗಳ ಪೈಕಿ ಅವನದೇ ಮೊದಲು!

ನನಗೆ ಕುರ್ಚಿಯ ಮೇಲೆ ಹತ್ತಿ ಚಪ್ಪಾಳೆ ತಟ್ಟಬೇಕೆನ್ನಿಸಿತು. ಆದರೆ ತ್ರೂಸ್ ಅಡ್ಡಡ್ಡ ತಲೆಯಾಡಿಸಿದರು.

"ಹೆಂಕ್, ಅದು ನಿನ್ನ ಬಿಯರಲ್ಲ. ಅಕ್ಕನ ಬಿಯರ್."

ಕೈ ಎತ್ತಿಸಿದರು. ಎರಡನೇ ಬಾಟಲಿ ತೆರೆದು ಮತ್ತೆ ನೋಡುವುದು, ಕೊನೆಯ ಸುತ್ತಿಗೆ ಆಪತ್ತಿನ ಬಾಟಲಿ ಬಳಸುವುದು ಎಂದಾಯಿತು. ಗುರು ಕೈ ಎತ್ತಲಿಲ್ಲ. ಎತ್ತುವಂತಿರಲಿಲ್ಲ. ತಾನೇ ಕಟ್ಟಿದ ಸಭೆಯಲ್ಲಿ ಗೋಡೆಗೊರಗಿ ನಿಂತಿದ್ದ. ಬಗ್ಗಿಸುವ ಕೆಲಸವನ್ನು ಆ ಬೋ ಟೈಯವನ ಹೆಂಡತಿಗೆ ಕೊಟ್ಟರು. ನನ್ನನ್ನು ಬ್ರೆಡ್ಡು ಕತ್ತರಿಸಲು ಕೂರಿಸಿದರು.

ಹೆಂಕನ ಬಿಯರ್ ಎಂಟರಲ್ಲಿ ಏಳನೆಯದಾಯಿತು. ಷರಾ: ನೀರು ನೀರು.

ನನಗೆ ತಡೆಯಲಾಗಲಿಲ್ಲ. ಬ್ರೆಡ್ಡಿನ ಚಾಕು ಕೈಯಲ್ಲಿದ್ದ ಹಾಗೇ ಹೋಗಿ ತ್ರೂಸ್ ಅವರನ್ನು ತಡೆದೆ. "ವಯಸ್ಸಾದವರು. ಒಂದು ವರ್ಷ ಚೆನ್ನಾಗಿದೆ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?" ಎಂದೆ.

ಅವರು ಚಾಕು ನೋಡಿದರು, ನನ್ನನ್ನು ನೋಡಿದರು. "ಒಂದು ವರ್ಷ ಸುಳ್ಳು ಹೇಳಿದರೆ, ಹಿಂದೆ ನಾನು ಹೇಳಿದ್ದನ್ನೆಲ್ಲ ಅವನು ಯಾಕೆ ನಂಬಬೇಕು?" ಎಂದು ಒಂದು ಚೂರು ಬ್ರೆಡ್ಡು ತೆಗೆದುಕೊಂಡು ಹೋದರು. ದಪ್ಪ ಕತ್ತರಿಸಿದ್ದೀರಿ ಎಂದು ತಿರುಗಿ ನಿಂತು ಹೇಳಲು ಮರೆಯಲಿಲ್ಲ. ಇಷ್ಟು ಸಿಟ್ಟಿನಲ್ಲೂ ಆಕೆಯನ್ನು ನಾನು ಬಹುವಚನದಲ್ಲೇ ಬರೆಯುತ್ತಿದ್ದೇನೆ, ಗಮನಿಸಿ. ಸಂಸ್ಕಾರ ಅಂದರೆ ಇದು.

ಡೀಮೆನ್, ಸಂಜೆ

ಬಹುಮಾನ ಕೊಟ್ಟು ಮುಗಿಯಿತು. ನಮ್ಮಲ್ಲಾದರೆ ಈಗ ವಂದನಾರ್ಪಣೆ: ಹಾರ, ಹಣ್ಣಿನ ಬುಟ್ಟಿ, ಶ್ರೀಯುತ ಗುರುರಾಜರು ಹಗಲಿರುಳು ಶ್ರಮಿಸಿ ಎಂದು ನಾಲ್ಕು ಮಾತು. ಇಲ್ಲಿ ಆಯೋಜಕನನ್ನು ಮಧ್ಯದಲ್ಲಿ ನಿಲ್ಲಿಸಿ ಮಾರ್ಕು ಹಾಕಲು ಶುರು ಮಾಡಿದರು.

"ಜಾಗ?" ಎಂದು ತ್ರೂಸ್ ಕೇಳಿದರು. ಅಲ್ಲಿಂದ ಇಲ್ಲಿಂದ ಕೂಗಿದರು. ಚಳಿ ಎಂದರು, ಬೆಳಕು ಚೆನ್ನಾಗಿದೆ ಎಂದರು. ಆರು. ಬಾಟಲಿಗಳ ನಂಬರು? ಒಂದೂ ತಪ್ಪಿಲ್ಲ. ಏಳು. ಸಮಯ? ನಾಲ್ಕು! ಸಮಯ ತಿಂದದ್ದು ಯಾರು? ಇವರದೇ ಸಭೆ! ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಕೊನೆಯದು ಬಂತು. ಬಗ್ಗಿಸುವಿಕೆ.

ನಲವತ್ತು ತಲೆ ನನ್ನ ಕಡೆ ತಿರುಗಿದವು.

"ಎರಡು," ಎಂದರು ತ್ರೂಸ್.

ಎರಡು! ನನಗೆ! ಉತ್ತರಪತ್ರಿಕೆಯಲ್ಲಿ ದೇವರ ನಾಮ ಬರೆದು ಬಂದ ಹುಡುಗಿಗೂ ನಾನು ಅಕ್ಷರ ದುಂಡಗಿದೆ ಎಂದು ಮೂರು ಹಾಕಿದವಳು. ನಾಲ್ಕನ್ನೂ ಕೂಡಿದರು, ನಾಲ್ಕರಿಂದ ಭಾಗಿಸಿದರು. ಐದೂ ಇಲ್ಲ. ಗುರು ನಗುತ್ತಲೇ ನಿಂತಿದ್ದ. ಆ ನಗೆ ನನಗೆ ಗೊತ್ತು. ಸೈಕಲ್ಲಿನಿಂದ ಬಿದ್ದು ಮೊಣಕಾಲು ಕಿತ್ತು ಬಂದಾಗ, ನೋಯ್ತಾ ಇಲ್ಲ ಅಂತ ನಗುತ್ತಿದ್ದ ನಗೆ.

"ಬಿಡು ಅಕ್ಕ, ಪರವಾಗಿಲ್ಲ," ಎಂದ.

"ಪರವಾಗಿಲ್ಲ ಅಂತೆ! ರೀವ್ಯಾಲ್ಯುಯೇಷನ್ ಇಲ್ವೇನೋ ಇವರಲ್ಲಿ?"

"ಅಂದ್ರೆ?"

"ಅಂದ್ರೆ ಮರುಮೌಲ್ಯಮಾಪನ ಕಣೋ! ಕೇಳು ಆಕೆನ!"

ಅವನು ಹಿಂಜರಿದ. ನಾನೇ ಕೇಳಿದೆ. ಯಾವ ವಿದ್ಯಾರ್ಥಿಗೂ ಪಾಠ ಮಾಡದೆ ಪರೀಕ್ಷೆ ಇಡಬಾರದು, ಈಗ ನನಗೆ ಪಾಠವಾಗಿದೆ, ಈಗ ಪರೀಕ್ಷೆ ಇಡಿ ಎಂದೆ.

ತ್ರೂಸ್ ತಮಾಷೆ ಮಾಡಲಿಲ್ಲ, ಕನಿಕರವನ್ನೂ ತೋರಲಿಲ್ಲ. ತಲೆ ಓರೆ ಮಾಡಿ ಯೋಚಿಸಿದರು. "ನ್ಯಾಯ," ಎಂದರು. "ಸಮಯವನ್ನು ಮತ್ತೆ ಪರೀಕ್ಷಿಸಲು ಆಗುವುದಿಲ್ಲ. ಬಗ್ಗಿಸುವುದನ್ನು ಪರೀಕ್ಷಿಸಬಹುದು."

ಹೆಂಕ್ ತನ್ನ ಉಳಿದ ಆಪತ್ತಿನ ಬಾಟಲಿಯನ್ನು ತಂದು ನನ್ನ ಮುಂದಿಟ್ಟ. ಕೈಗವಸು ಹುಡುಕಿದೆ, ಸಿಗಲಿಲ್ಲ. ನಂಜನಗೂಡಿನ ಹಿರಿಯರೆಲ್ಲ ಕಣ್ಣು ಮುಚ್ಚಿಕೊಳ್ಳಲಿ ಎಂದುಕೊಂಡು ಬರಿಗೈಯಲ್ಲೇ ಬಾಟಲಿ ಹಿಡಿದೆ. ಜಗ್ಗನ್ನು ಓರೆ ಮಾಡಿ ನಿಧಾನವಾಗಿ ಬಗ್ಗಿಸುತ್ತ ಹೋದೆ. ತಿಳಿ ಇಳಿಯಿತು, ಇಳಿಯಿತು. ತಳದಿಂದ ಬೆಳ್ಳಗಿನ ಗಸಿ ಒಂದು ಎಳೆಯಾಗಿ ಬಾಟಲಿಯ ಕತ್ತಿನ ಕಡೆ ಹೊರಟಿತು. ಇನ್ನೂ ಒಂದು ಲೋಟದಷ್ಟು ಇದೆ, ಸುರಿ, ಚೆಲ್ಲಬೇಡ, ಸುರಿ ಎಂದು ನನ್ನ ಮಣಿಕಟ್ಟೇ ಹೇಳುತ್ತಿತ್ತು. ಕೈ ನಡುಗಿತು. ನಿಲ್ಲಿಸಿದೆ. ಅಷ್ಟನ್ನು ಅಲ್ಲೇ ಬಿಟ್ಟು ಬಾಟಲಿಯನ್ನು ಮೇಜಿನ ಮೇಲಿಟ್ಟೆ.

ತ್ರೂಸ್ ಜಗ್ಗನ್ನು ದೀಪಕ್ಕೆ ಹಿಡಿದರು. ಇಡೀ ಭವನ ಉಸಿರು ಹಿಡಿದಿತ್ತು. ಇಲ್ಲ, ಹಿಡಿದಿದ್ದು ನಾನು ಮತ್ತು ಗುರು. ಉಳಿದವರು ಕೋಟು ಹಾಕಿಕೊಳ್ಳುತ್ತಿದ್ದರು.

"ತಿಳಿಯಾಗಿದೆ. ಸ್ವಲ್ಪ ಬೇಗ ನಿಲ್ಲಿಸಿದಿರಿ. ಕೈ ನಡುಗುತ್ತದೆ. ಏಳು."

ಮತ್ತೆ ಕೂಡಿದರು, ಮತ್ತೆ ಭಾಗಿಸಿದರು. ಸರಿಯಾಗಿ ಆರು.

ಮೈಸೂರಿನಲ್ಲಿ ಹತ್ತಕ್ಕೆ ಆರು ತಂದ ಮಗುವಿನ ಅಪ್ಪ ಅಮ್ಮ ಒಂದು ವಾರ ಪಕ್ಕದ ಮನೆಯವರಿಗೆ ಮುಖ ತೋರಿಸುವುದಿಲ್ಲ. ನನ್ನ ತಮ್ಮ ಎರಡೂ ಕೈ ಮೇಲೆತ್ತಿ, ಮಗುವಿನ ಹಾಗೆ ಕುಣಿದ. ಬೋ ಟೈಯವನು ಬಂದು ಅವನ ಬೆನ್ನಿಗೆ ಗುದ್ದಿದ. ಹೆಂಕ್ ಬಾಟಲಿಯಲ್ಲಿ ಉಳಿದ ಗಸಿಯನ್ನು ಚೆನ್ನಾಗಿ ಕುಲುಕಿ, ಒಂದು ಹನಿ ಬಿಡದೆ ಲೋಟಕ್ಕೆ ಸುರಿದುಕೊಂಡು, ನನ್ನ ಕಡೆಗೆ 'ಚಿಯರ್ಸ್' ಎನ್ನುವಂತೆ ಎತ್ತಿ ಕುಡಿದ.

ಅವರಲ್ಲೊಂದು ಪದ್ಧತಿ. ಒಬ್ಬರಿಗೆ ಶುಭವಾದರೆ ಅವರ ಮನೆಯವರಿಗೆಲ್ಲ ಅಭಿನಂದನೆ ಹೇಳುತ್ತಾರೆ. ನಲವತ್ತು ಜನ ಸಾಲಾಗಿ ಬಂದು, ನಿಮ್ಮ ತಮ್ಮನಿಗಾಗಿ ನಿಮಗೆ ಅಭಿನಂದನೆ ಎಂದು ನನ್ನ ಕೈ ಕುಲುಕಿದರು. ಕೆಲವರು ಕೆನ್ನೆಗೆ ಬರಲು ನೋಡಿದರು. ಜಗ್ಗನ್ನು ಅಡ್ಡ ಹಿಡಿದೆ. ಕೊನೆಯಲ್ಲಿ ತ್ರೂಸ್ ಬಂದರು.

"ಅಕ್ಕ, ನಿಮ್ಮ ತಮ್ಮನಿಗಾಗಿ ಅಭಿನಂದನೆ. ಈಗ ಅವನು ಕೈ ಎತ್ತಬಹುದು."

ಅವರ ಕೈ ಕುಲುಕಿದೆ. ಹಾಗಿದ್ದರೆ ಆ ಏಳನ್ನು ಏಳೂವರೆ ಮಾಡಬಹುದಲ್ಲ ಎಂದೆ.

"ಇಲ್ಲ," ಎಂದರು.